ಮರಳ ಮೇಲಿನ ಮದುವೆಗೆ ಬರುವವರಿಗೆ

ಮದುವೆಗೆ ಬರುವವರು ರೇಷ್ಮೆ ಸೀರೆ ಉಡುವುದು ಬೇಡ ಎಂದು ಕನ್ನಡದಲ್ಲಿ ಬರೆದುಕೊಟ್ಟವಳು ನಾನೇ. ಅಣ್ಣನ ಮಗಳು ಮೊಬೈಲಿಗೆ ಇಂಗ್ಲಿಷಿನ ಉದ್ದನೆಯ ಸಂದೇಶವೊಂದನ್ನು ಕಳಿಸಿ, "ಅತ್ತಿ, ಇದನ್ನ ನಮ್ಮ ಮಂದಿಗೆ ತಿಳಿಯಂಗ ಬರಿ. ನೀ ಬರದ್ರ ಯಾರೂ ಸಿಟ್ಟಾಗಂಗಿಲ್ಲ" ಎಂದಿದ್ದಳು. ಹುಡುಗ ಹುಬ್ಬಳ್ಳಿಯಲ್ಲಿ ಅವಳ ಜೊತೆ ಕೆಲಸ ಮಾಡುವವನು, ಕರಾವಳಿಯವನು. ಮದುವೆ ಗೋಕರ್ಣದ ಆಚೆ, ಸಮುದ್ರದ ದಂಡೆಯಲ್ಲಿ, ಸಂಜೆ ಹೊತ್ತಿಗೆ.

ನನ್ನದು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಒಂದು ಹೊಲಿಗೆ ಅಂಗಡಿ. ಅರ್ಧ ಹೊಲಿದ ರವಿಕೆಗಳನ್ನು ಪಕ್ಕಕ್ಕೆ ಸರಿಸಿ ಬರೆಯಲು ಕೂತೆ. 'ಬೀಚ್ ಕ್ಯಾಶುವಲ್' ಎಂಬುದಕ್ಕೆ ನಮ್ಮವರಿಗೆ ಏನೆಂದು ಹೇಳುವುದು? ಸಲೀಸಾಗಿ ಬನ್ನಿ ಎಂದರೆ ಗಂಡಸರು ಬನಿಯನ್ನಿನಲ್ಲೇ ಬಂದಾರು. ಕೊನೆಗೆ, ತೆಳು ಹತ್ತಿಯ ಬಟ್ಟೆ ತೊಡಿ, ಅಲ್ಲಿ ಸೆಕೆ ಬಹಳ ಎಂದು ಬರೆದೆ. ಎತ್ತರದ ಚಪ್ಪಲಿ ಮರಳಲ್ಲಿ ಹೂತುಹೋಗುತ್ತವೆ, ಬುಟ್ಟಿ ಇಟ್ಟಿರುತ್ತೇವೆ, ಅದರಲ್ಲಿ ಬಿಟ್ಟು ಬರಿಗಾಲಲ್ಲಿ ಬನ್ನಿ. ಆಯೇರಿ, ಉಡುಗೊರೆ ಏನೂ ಬೇಡ. ಹೊತ್ತು ಮುಳುಗುವ ಮೊದಲೇ ಬಂದು ಸೇರಿ, ಮುಳುಗುವ ಸೂರ್ಯ ಯಾರಿಗೂ ಕಾಯುವುದಿಲ್ಲ. ಊಟ ಚಾಪೆಯ ಮೇಲೆ, ಮೊಣಕಾಲು ನೋವಿನವರಿಗೆ ಕುರ್ಚಿ ಉಂಟು. ಗಾಳಿ ಜೋರು, ಸೆರಗಿಗೆ ಪಿನ್ನು ಹಾಕಿಕೊಳ್ಳಿ ಎಂಬುದು ಮಾತ್ರ ಇಂಗ್ಲಿಷಿನಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು.

"ಶಾಸ್ತ್ರದ ಬಗ್ಗೆ ಏನು ಬರೀಲಿ? ಅರಿಷಿಣ, ಸುರಗಿ?" ಎಂದು ಫೋನಿನಲ್ಲಿ ಕೇಳಿದೆ.

"ಅದ್ಯಾವುದೂ ಇಲ್ಲ ಅತ್ತಿ. ಹಾರ ಹಾಕೋದು, ತಾಳಿ ಕಟ್ಟೋದು, ಅಷ್ಟ. ಅದನ್ನ ಬರಿಯೋದು ಬ್ಯಾಡ, ಸುಮ್ನ ಮಂದಿ ಬಾಯಿಗೆ ಬೀಳ್ತೀವಿ."

ಬರೆಯಲಿಲ್ಲ. ಬರೆದದ್ದಕ್ಕೇ ಸಾಕಷ್ಟು ಬೈಸಿಕೊಂಡೆ. ಅದು ನನ್ನ ಕೈಯಿಂದ ಹೋದದ್ದೆಂದು ಗೊತ್ತಾಗಿ ಹರಪನಹಳ್ಳಿಯಿಂದ ಕೂಡ್ಲಿಗಿಯ ತನಕ ನೆಂಟರೆಲ್ಲ ನನಗೇ ಫೋನು ಮಾಡತೊಡಗಿದರು. "ಹಂದರ ಇಲ್ಲದ ಮದಿವಿ ಎಂಥಾದ್ದವಾ, ನಾವೇನು ಮೀನು ಹಿಡಿಯಾಕ ಹೊಂಟೀವೇನು?" ಎಂದು ಒಬ್ಬರು. "ಎಲ್ಲಾರ ಚಪ್ಲಿ ಒಂದ ಬುಟ್ಟ್ಯಾಗ ಹಾಕಿದ್ರ ನನ್ನ ಜೋಡು ನನಗ ಸಿಗತಾವೇನು?" ಎಂದು ಇನ್ನೊಬ್ಬರು. ಹುಡುಗಿಯ ಪರವಾಗಿ ಎಲ್ಲರ ಜೊತೆ ವಾದ ಮಾಡಿದೆ. ಕಾಲ ಬದಲಾಗಿದೆ, ನೀವೂ ಒಮ್ಮೆ ಸಮುದ್ರ ನೋಡಿ ಬನ್ನಿ ಎಂದು ಪುಸಲಾಯಿಸಿದೆ, ಒಂದಿಬ್ಬರಿಗೆ ಗದರಿದ್ದೂ ಉಂಟು.

ವಾದ ಮಾಡಲು ನನಗೆ ನನ್ನದೇ ಕಾರಣವಿತ್ತು. ನನ್ನ ಗಂಡ ತೀರಿಕೊಂಡ ಮೇಲೆ, ನಾನು ಒಬ್ಬಳೇ ಆದೆನೆಂದು ಅಣ್ಣ ಹರಪನಹಳ್ಳಿ ಕಡೆಯ ತನ್ನೂರು ಅರಸೀಕೆರೆಯಿಂದ ಮಗಳನ್ನು ತಂದು ನನ್ನಲ್ಲಿ ಬಿಟ್ಟಿದ್ದ. ಹೈಸ್ಕೂಲು, ಕಾಲೇಜು ಎಲ್ಲ ಮುಗಿಸಿದ್ದು ನನ್ನ ಮನೆಯಲ್ಲೇ. ಆದರೂ ಅವಳ ಮದುವೆಯಲ್ಲಿ ನನ್ನ ಜಾಗ ಯಾವುದೆಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಸುರಗಿಯೆಂದರೆ ನಾಲ್ಕು ಮೂಲೆಗೆ ನೀರಿನ ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ಅರಿಷಿಣ ಹಚ್ಚಿ ನೀರೆರೆಯುವುದು. ಸೋದರತ್ತೆ ಮುಂದೆ ನಿಂತು ಮಾಡಿಸಬೇಕು, ಆದರೆ ಮುತ್ತೈದೆಯಾಗಿರಬೇಕು. ನನ್ನಂಥವಳು ಬಾಗಿಲ ಹಿಂದೆ ನಿಂತು ನೋಡಬೇಕು. ಎಷ್ಟೋ ಮದುವೆಗಳಲ್ಲಿ ಹಾಗೆ ನಿಂತು ನೋಡಿದ್ದೇನೆ. ಯಾರೂ ಬೈದು ಕಳಿಸುವುದಿಲ್ಲ, "ನೀ ಆ ಕಡಿ ಕೂಡವಾ" ಎಂದು ಮೆಲ್ಲಗೆ ಹೇಳುತ್ತಾರೆ, ಅಷ್ಟೇ. ಈ ಮದುವೆಗೆ ಬಾಗಿಲೇ ಇಲ್ಲ, ಬರೀ ಬಯಲು. ಅಲ್ಲಿ ಯಾವ ಕಡೆ ಕೂಡು ಎನ್ನುತ್ತಾರೆ? ಮೇಲಾಗಿ ಹುಡುಗಿ ಬಾಯಿ ಬಿಟ್ಟು ಹೇಳಿದ್ದಳು: "ಅಲ್ಲಿ ನನ್ನ ಬಾಜೂ ನಿಂದ್ರಾಕಿ ನೀನ ಅತ್ತಿ." ಆ ಮಾತಿಗೆ ನಾನು ಹುಚ್ಚಿಯ ಹಾಗೆ ಖುಷಿಪಟ್ಟೆ. ತಿಳಿನೀಲಿ ಹತ್ತಿ ಸೀರೆ ತಂದು, ಅದಕ್ಕೊಂದು ರವಿಕೆಯನ್ನು ಎರಡು ಸಲ ಬಿಚ್ಚಿ ಹೊಲಿದೆ.

ಹೊರಡುವ ದಿನ ಹತ್ತಿರ ಬಂದಾಗ ಅಣ್ಣ ಫೋನು ಮಾಡಿದ. "ನಮ್ಮ ಗಾಡಿ ತುಂಬೈತಿ. ನೀನು ಹಂಪಸಾಗರದ ಚಿಗವ್ವನ ಕೂಡ ಕಾರಿನ್ಯಾಗ ಸೀದಾ ಅಲ್ಲಿಗೇ ಬಾ, ನಮ್ಮೂರಿಗೆ ಬಂದು ಸುತ್ತು ಹಾಕಬ್ಯಾಡ." ಚಿಗವ್ವ ನಮ್ಮ ತಾಯಿಯ ತಂಗಿ, ವಯಸ್ಸಾದಾಕೆ, ಅವಳಿಗೂ ಗಂಡ ಇಲ್ಲ. ಒಳ್ಳೆಯ ಜೊತೆಯಾಯಿತು ಎಂದುಕೊಂಡೆ. ದಾರಿಯಲ್ಲಿ ಹಡಗಲಿಯಲ್ಲಿ ಕಾರು ನಿಲ್ಲಿಸಿ ಹುಡುಗಿಗೆಂದು ಮಲ್ಲಿಗೆ ಕೊಂಡೆವು. ಹಾವೇರಿ ದಾಟಿ ಘಟ್ಟ ಇಳಿಯುವವರೆಗೂ ಇಬ್ಬರೂ ಹಾಡುವುದೊಂದು ಬಾಕಿ, ಅಷ್ಟು ಮಾತಾಡಿದೆವು.

ದಂಡೆಗೆ ಬಂದಾಗ ಬಿಸಿಲು ಇಳಿದಿತ್ತು. ಬಿದಿರಿನ ಕಂಬಗಳಿಗೆ ಬಿಳಿ ಬಟ್ಟೆ ಕಟ್ಟಿದ್ದರು, ಚಾಪೆ ಹಾಸಿದ್ದರು, ಚಪ್ಪಲಿಯ ಬುಟ್ಟಿ ನಾನು ಬರೆದಂತೆಯೇ ಇತ್ತು. ನಮ್ಮ ಹೆಂಗಸರೆಲ್ಲ ಹತ್ತಿ ಸೀರೆ ಉಟ್ಟು ಸೆರಗಿಗೆ ಪಿನ್ನು ಹಾಕಿಕೊಂಡಿದ್ದರು. ನನ್ನ ಮಾತು ಕೇಳಿದರಲ್ಲ ಎಂದು ಹಿಗ್ಗಿನಿಂದ ಅವರ ಬಳಿ ಹೋದೆ. ಹೋದವಳಿಗೆ ಮೊದಲು ಕಂಡದ್ದು ಅವರ ಅಂಗೈ. ಎಲ್ಲರ ಅಂಗೈಯೂ ಹಳದಿ. ಬರಿಗಾಲಿನ ಉಗುರಿನ ಸಂದಿಯಲ್ಲೂ ಅರಿಷಿಣ ಉಳಿದಿತ್ತು.

ಅಲ್ಲಿದ್ದ ಕೊಟ್ಟೂರಿನ ಅತ್ತಿಗೆಯನ್ನು, ನಮ್ಮ ಚಿಕ್ಕಪ್ಪನ ಸೊಸೆಯನ್ನು, ಕೇಳಿದೆ. "ಅರಿಷಿಣ ಎಲ್ಲಿ ಆಡಿದ್ರಿ?"

"ಮೊನ್ನಿ ಅರಸೀಕೆರ್ಯಾಗ ಸುರಗಿ ಆತಲ್ಲವಾ," ಎಂದಳು ಆಕೆ ನಿರಾಳವಾಗಿ. "ಅಗದೀ ಚಂದ ಆತು. ನಿನಗ ಮೈಯಾಗ ಹುಷಾರಿಲ್ಲ ಅಂದ್ರು. ಈಗ ಹೆಂಗದೀ?"

ಹುಷಾರಾಗಿದ್ದೇನೆ ಎಂದೆ. ಬೇರೇನು ಹೇಳಲಿ? ನಾನು ಅಂಗಡಿಯಲ್ಲಿ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದಾಗ ನನಗೆ ಜ್ವರ ಬರಿಸಿದ್ದರು. ಕಾರಿನ ಕಡೆ ತಿರುಗಿ ನೋಡಿದೆ. ಚಿಗವ್ವ ಮೆಲ್ಲಗೆ ಕಾಲು ಇಳಿಬಿಟ್ಟು ಇಳಿಯುತ್ತಿದ್ದಳು. ಆ ಕಾರಿನಲ್ಲಿ ನಮ್ಮಿಬ್ಬರನ್ನೇ ಯಾಕೆ ಕೂಡಿಸಿದ್ದರು ಎಂಬುದು ಆಗ ತಿಳಿಯಿತು. ಮಲ್ಲಿಗೆಯ ಪೊಟ್ಟಣ ಹಿಡಿದು ಸೀದಾ ಹುಡುಗಿಯನ್ನು ಹುಡುಕಿಕೊಂಡು ಹೋದೆ.

ಮದುಮಗಳು ಪಕ್ಕದ ಹೋಂಸ್ಟೇಯ ಕೋಣೆಯಲ್ಲಿ ತಯಾರಾಗುತ್ತಿದ್ದಳು. ಮುಂಗೈ ತುಂಬ ಹಸಿರು ಬಳೆ. ನನ್ನ ಮುಖ ನೋಡಿದವಳೇ ತಲೆ ಬಾಚುತ್ತಿದ್ದ ಗೆಳತಿಯನ್ನು ಹೊರಗೆ ಕಳಿಸಿದಳು.

"ಅವ್ವ ಹಟ ಹಿಡಿದ್ಲು ಅತ್ತಿ, ಸುರಗಿ ಆಗಲೇಬೇಕು ಅಂತ. ನಿನ್ನ ಕರದು, ಎಲ್ಲಾರ ಮುಂದ ಆ ಕಡಿ ಕೂಡು ಅನ್ನಾಕ ನನಗ ಮನಸ್ಸಾಗ್ಲಿಲ್ಲ. ನಿನಗ ಬ್ಯಾಸರ ಆಗಬಾರ್ದು ಅಂತ ಹೇಳ್ಲಿಲ್ಲ."

"ಹುಷಾರಿಲ್ಲ ಅಂತ ಹೇಳಿದ್ದು ನಿಮ್ಮವ್ವ ಏನು?"

ಅವಳು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತ ಕೂತಳು. "ಇಲ್ಲ. ನಾನ."

ಅವಳವ್ವ ಹಾಗೆ ಅಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆಕೆಗೆ ಮಗಳ ಬಾಳಿನ ಭಯ. ಆ ಭಯಕ್ಕೆ ನಾನು ಎಂದೋ ಹೊಂದಿಕೊಂಡಿದ್ದೇನೆ. ಇವಳಿಗೆ ಅಂಥ ಭಯವಿರಲಿಲ್ಲ, ನನ್ನನ್ನು ದೂರ ಇಡುವುದು ತಪ್ಪೆಂದೂ ಗೊತ್ತಿತ್ತು. ಗೊತ್ತಿದ್ದೇ ಆ ತಪ್ಪು ತನ್ನ ಕಣ್ಣಿಗೆ ಬೀಳದ ಹಾಗೆ ಮಾಡಿಕೊಂಡಳು. ಕರೆದಿದ್ದರೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಅವಳ ತಲೆಯ ಮೇಲೆ ಬೀಳುವ ನೀರನ್ನು ಅಲ್ಲಿಂದಲೇ ನೋಡುತ್ತಿದ್ದೆ, ಅತ್ತರೂ ಯಾರಿಗೂ ಕಾಣುತ್ತಿರಲಿಲ್ಲ. ಅಷ್ಟೂ ಬೇಡವಾಯಿತು ನನ್ನ ಮಗಳಿಗೆ. ಮಗಳು ಎಂದೇ ಅಂದುಕೊಂಡಿದ್ದೆನಲ್ಲ, ಅದು ನನ್ನ ದಡ್ಡತನ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಮಲ್ಲಿಗೆಯನ್ನು ಮೇಜಿನ ಮೇಲಿಟ್ಟು ಹೊರಬಂದೆ.

ಹಾರ ಬದಲಾಯಿಸುವಾಗ ಅವಳು ಎಲ್ಲರೆದುರು ಕೈಮಾಡಿ ಕರೆದಳು. "ಅತ್ತಿ, ಇಲ್ಲಿ ಬಾ, ನನ್ನ ಬಾಜೂ." ಹೋಗಿ ನಿಂತೆ. ಹೋಗದಿದ್ದರೆ ನೋಡುವವರಿಗೆ ಅದೊಂದು ತಮಾಷೆಯಾಗುತ್ತಿತ್ತು. ಹುಡುಗನ ಕಡೆಯವರು ಎಷ್ಟು ಒಳ್ಳೆಯ ಮದುವೆ, ಗಂಡ ತೀರಿಕೊಂಡ ಅತ್ತೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಾಳೆ ಎಂದು ಮೆಚ್ಚಿಕೊಂಡದ್ದು ನನ್ನ ಕಿವಿಗೂ ಬಿತ್ತು. ಫೋಟೋ ತೆಗೆಯುವವನು ನಗಿ ಎಂದ, ನಕ್ಕೆ. ಆ ಫೋಟೋದಲ್ಲಿ ನಾನು ಚೆನ್ನಾಗಿಯೇ ಕಾಣುತ್ತೇನೆ, ರವಿಕೆಯೂ ಸರಿಯಾಗಿ ಕೂತಿದೆ.

ತಿಂಗಳು ಕಳೆದ ಮೇಲೆ ಗಂಡನನ್ನು ಕರೆದುಕೊಂಡು ಅವಳು ನನ್ನ ಮನೆಗೆ ಬಂದಳು. ಮೊದಲಿನ ಹಾಗೆ ಚಪ್ಪಲಿ ಒದ್ದು ಬಿಸಾಡಿ, ಅಡುಗೆಮನೆಗೆ ನುಗ್ಗಿ ಡಬ್ಬಿಯ ಮುಚ್ಚಳ ತೆಗೆಯಲು ಹೊರಟಳು. ನಾನು ಬಾಗಿಲಲ್ಲಿ ನಿಂತೆ.

"ಕೂಡವಾ, ನಾನ ತರ್ತೀನಿ," ಎಂದೆ.

ಮುಂದಿನ ಕೋಣೆಯಲ್ಲಿ ಹೊಸ ಚಾದರ ಹಾಸಿ ಇಬ್ಬರನ್ನೂ ಕೂಡಿಸಿದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆಯಲ್ಲಿ ಹಾಕಿ ತಂದು ಮುಂದಿಟ್ಟೆ, ನೆಂಟರಿಗೆಂದು ಎತ್ತಿಟ್ಟ ಕಪ್ಪಿನಲ್ಲಿ ಚಹಾ ಕೊಟ್ಟೆ. ಅವನು ಚೆನ್ನಾಗಿದೆ ಎಂದು ತಿಂದ. ಅವಳು ತಟ್ಟೆ ಮುಟ್ಟಲಿಲ್ಲ.

"ಇದೇನತ್ತಿ, ಹೊರಗಿನವರಿಗೆ ಮಾಡಿದಂಗ ಮಾಡಾಕತ್ತಿ?"

"ನಿನಗ ಬ್ಯಾಸರ ಆಗಬಾರ್ದು ಅಂತ," ಎಂದೆ. ಅವಳ ಕಣ್ಣು ತುಂಬಿತು. ನಾನು ಒಳಗೆ ಹೋಗಿ ಇನ್ನಷ್ಟು ಮಂಡಕ್ಕಿ ತಂದು ಅವಳ ತಟ್ಟೆಗೆ ಹಾಕಿದೆ.