ಅಕ್ಕಾರ ಅನುಮಾನ

ಅಕ್ಕಾರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಹುಟ್ಟಿನಿಂದಲೇ ಹಾಗಂತೆ. ಎದುರಿಗೆ ನಿಂತವರಿಗೆ ಮಾತ್ರ, ಈಕೆ ನನ್ನ ಮಾತು ನಂಬುತ್ತಿಲ್ಲ ಎನಿಸುತ್ತಿತ್ತು. ಅನಿಸಿದ್ದು ತಪ್ಪೂ ಅಲ್ಲ. ಕ್ಯಾಂಟೀನಿನ ಚಹಾದಲ್ಲಿರುವುದು ಹಾಲೆಂದು ಅವರು ನಂಬುತ್ತಿರಲಿಲ್ಲ. ಪಟಾನ್‌ಚೆರುವಿನಲ್ಲಿ ದಿನಾ ಹತ್ತುವ ಬಸ್ಸಿನ ಕಂಡಕ್ಟರನನ್ನೂ, ಅದು ಎಲ್ಲಿಗೆ ಹೋಗುತ್ತದೆಂದು ದಿನಾ ಕೇಳುತ್ತಿದ್ದರು: "ಮಿಯಾಪೂರ್ ಜಾತಾ ನಾ? ಪಕ್ಕಾ?"

ಔಷಧಿ ಕಾರ್ಖಾನೆಯ ನಮ್ಮ ವಿಭಾಗಕ್ಕೆ ಅವರು ಮೇಲ್ವಿಚಾರಕಿ. ತುಂಬಿ ಬಂದ ಇಂಜೆಕ್ಷನ್ ಸೀಸೆಗಳನ್ನು ಒಂದೊಂದಾಗಿ ದೀಪದ ಮುಂದೆ ಹಿಡಿದು, ತಿರುಗಿಸಿ, ಒಳಗೆ ಗಾಜಿನ ಚೂರೋ ಕೂದಲೆಳೆಯೋ ತೇಲುತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ. ಸ್ವಲ್ಪ ಹೊತ್ತಿನಲ್ಲೇ ಕೈ ತಾನಾಗಿ ತಿರುಗಿಸುತ್ತದೆ, ಕಣ್ಣು ತಾನಾಗಿ ನೋಡುತ್ತದೆ, ನಾವು ಮಾತ್ರ ಅಲ್ಲಿರುವುದಿಲ್ಲ. ಅದಕ್ಕೇ ಅಕ್ಕಾರು, ಬುಡದಲ್ಲಿ ಗುರುತು ಮಾಡಿದ ಕೆಟ್ಟ ಸೀಸೆಯೊಂದನ್ನು ನಮಗೆ ತಿಳಿಯದಂತೆ ನಡುವೆ ಸೇರಿಸಿಡುತ್ತಿದ್ದರು. ಹಿಡಿದರೆ ಸರಿ, ಬಿಟ್ಟರೆ ಹೆಸರು ಕೆಟ್ಟಿತು.

ನಾನು ತರಬೇತಿಯಲ್ಲಿದ್ದೆ. ಅಪ್ಪ ಹಾಸಿಗೆ ಹಿಡಿದಿದ್ದರು. ಈ ಕೆಲಸ ಕಾಯಂ ಆಗದಿದ್ದರೆ ಮನೆ ನಡೆಯುವಂತಿರಲಿಲ್ಲ. ಖಾಲಿ ಇದ್ದದ್ದು ಒಂದೇ ಜಾಗ. ನನ್ನ ಜೊತೆ ತರಬೇತಿಗಿದ್ದವಳು ಅಕ್ಕಾರ ತಂಗಿಯ ಮಗಳು. ಇಬ್ಬರಲ್ಲಿ ಒಬ್ಬರ ಹೆಸರನ್ನು ಮ್ಯಾನೇಜರರಿಗೆ ಕೊಡಬೇಕಾದವರು ಅಕ್ಕಾರು. ಇನ್ನು ಅನುಮಾನ ಬಾರದೆ ಇರುತ್ತದೆಯೇ? ಕೆಟ್ಟ ಸೀಸೆಗಳೆಲ್ಲ ನನ್ನ ಟ್ರೇಗೇ ಬೀಳುತ್ತಿವೆ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಬೀದರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಿ ಹೋದ ಮರುದಿನ, ಅಕ್ಕಾರು ಹಿಂದಿನಿಂದ ಬಂದು ನನ್ನ ಮೊಣಕೈ ಮುಟ್ಟಿದರು.

"ಎಲ್ಲಿಗೆ ಹೋಗಿದ್ದಿ?"

"ಇಲ್ಲೇ ಅದೀನ್ರಿ ಅಕ್ಕಾರ."

"ಸುಳ್ಳ ಬ್ಯಾಡ. ಎಲ್ಲಿಗೆ?"

"ಬೀದರಿಗ್ರಿ."

"ಹಂಗ ಹೇಳು. ಯಾವ ಸೀಸೆತನಕ ನೆನಪೈತಿ?"

ತೋರಿಸಿದೆ. ಅವರು ಅದಕ್ಕೂ ಹಿಂದಿನ ಟ್ರೇ ಎಳೆದು ಮುಂದಿಟ್ಟರು. "ಇಲ್ಲಿಂದ ನೋಡು. ಮನಸ್ಸು ಹೋಗೂಮುಂದ ಹೇಳಿ ಹೋಗೂದಿಲ್ಲ. ನಿನಗ ಗೊತ್ತಾಗೂದ್ರಾಗ ಭಾಳ ದೂರ ಹೋಗಿರ್ತೈತಿ."

ಹೀಗೆ ಹಿಂದೆ ಹಿಂದೆ ಹೋದರೆ ನನ್ನ ಕೆಲಸ ಕಡಿಮೆ ಕಾಣುತ್ತದೆ, ತಂಗಿಯ ಮಗಳದು ಹೆಚ್ಚು ಕಾಣುತ್ತದೆ. ಎಂಥ ಉಪಾಯ ಎಂದು ಒಳಗೇ ಹಲ್ಲು ಕಡಿದೆ.

ಹೆಸರು ಕೊಡುವ ದಿನ ನಮ್ಮ ಸಾಲಿನ ಹಳಬಳೊಬ್ಬಳು ಕೆಲಸಕ್ಕೆ ಬಂದಿರಲಿಲ್ಲ. ಅವಳ ಜಾಗದಲ್ಲಿ ಅಕ್ಕಾರೇ ಕುಳಿತಿದ್ದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಸೀಸೆ ಕೆಳಗಿಟ್ಟು ಎದ್ದರು. "ಸಾಬ್, ಮೇರಾ ಧ್ಯಾನ್ ನೈ ಥಾ," ಎಂದು ಮ್ಯಾನೇಜರರಿಗೆ ಹೇಳಿ, ಗಮನವಿಲ್ಲದೆ ತಾವು ಪಾಸು ಮಾಡಿದ ಟ್ರೇಗಳನ್ನು ನೋಡಿಯೇ ಇಲ್ಲವೆಂದು ತಿಳಿಯಿರಿ ಎಂದರು. ಮ್ಯಾನೇಜರು ಹಣೆ ಚಚ್ಚಿಕೊಂಡರು: "ಪಾಸ್ ಚೇಸೇಶಾರು ಕದಮ್ಮಾ! ಬಯಟ ಲಾರಿ ಉಂದಿ!" ಪಾಸಾದ ಮಾಲಿಗಾಗಿ ಹೊರಗೆ ಲಾರಿ ಕಾದು ನಿಂತಿತ್ತು.

ಅಕ್ಕಾರು ಆ ಟ್ರೇಗಳನ್ನು ನನ್ನ ಮುಂದೆ ತಂದಿಟ್ಟರು. "ನೀ ನೋಡು. ಇವತ್ತ ನನ್ನ ಮ್ಯಾಲ ನನಗ ಭರೋಸಾ ಇಲ್ಲ."

ನನಗೆ ಅರ್ಥವಾಗಿಹೋಯಿತು: ಇದು ಬಲೆ. ಗುರುತಿನ ಸೀಸೆ ಇದರಲ್ಲಿ ಇದ್ದೇ ಇದೆ, ನಾನು ಬಿಡುತ್ತೇನೆ, ಮ್ಯಾನೇಜರರ ಕಣ್ಣೆದುರೇ ನನ್ನ ಕಥೆ ಮುಗಿಯುತ್ತದೆ. ಒಂದೊಂದು ಸೀಸೆಯನ್ನೂ ಕಳ್ಳನನ್ನು ನೋಡುವಂತೆ ನೋಡಿದೆ. ನಡುವೆ ಮನಸ್ಸು ಅಪ್ಪನ ಹಾಸಿಗೆಯ ಬಳಿ ಹೋದದ್ದು ಗೊತ್ತಾಯಿತು; ಬೈದುಕೊಳ್ಳುತ್ತಲೇ ಹಿಂದಿನ ಟ್ರೇಗೆ ಹೋದೆ. ಎಲ್ಲ ಮುಗಿದರೂ ಏನೂ ಸಿಗಲಿಲ್ಲ. "ಏನೂ ಇಲ್ರಿ," ಎಂದೆ.

ಮ್ಯಾನೇಜರು ಇಷ್ಟಕ್ಕೇ ಲಾರಿ ನಿಲ್ಲಿಸಿದಿರಾ ಎಂದು ಗೊಣಗಿಕೊಂಡು ಹೋದರು. ಅಕ್ಕಾರು ನನ್ನ ಕಡೆ ತಿರುಗಿ, "ಏನೂ ಇಲ್ಲ ಅಂತ ಈಗ ಗೊತ್ತಾತು. ಆಗ ಗೊತ್ತಿರಲಿಲ್ಲ," ಎಂದರು.

ಸಂಜೆ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ: "ಎಲ್ಲಿಗೆ ಹೋಗಿತ್ರಿ ನಿಮ್ಮ ಮನಸ್ಸು?"

"ತಂಗಿ ಕಡೆ. ಮಗಳ ಹೆಸರ ಕೊಡು ಅಂತ ಮುಂಜಾನೆ ಬಂದು ಅತ್ತು ಹೋದ್ಳು. ಕೊಡಬೇಕು ಅಂತನ ಅನಸ್ತಿತ್ತು. ಆಮ್ಯಾಲ ನಿನ್ನದ ಕೊಟ್ಟೆ. ಆಕಿ ಎಂದೂ ಹಿಂದಿನ ಟ್ರೇಗೆ ಹೋದಾಕಿ ಅಲ್ಲ. ನೀ ಬೈಕೊಂತರ ಹೋಗ್ತಿ."

ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ; ಮನಸ್ಸು ತಂಗಿಯ ಕಡೆ ಹೋದದ್ದನ್ನು ಅವರೇ ಹಿಡಿದು ವಾಪಸು ತಂದಿದ್ದರು. ಅದಕ್ಕೇ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದಿತು.

ಗಂಡ, ಮಕ್ಕಳಿಲ್ಲದ ಅಕ್ಕಾರಿಗೆ ತಮ್ಮವಳೆಂದು ಇದ್ದವಳು ಆ ತಂಗಿಯೊಬ್ಬಳೇ. ಅವಳು ಮತ್ತೆ ಅವರ ಹೊಸಿಲು ತುಳಿಯಲಿಲ್ಲ. ಆ ಸಂಬಳದಲ್ಲಿ ನಾನು ಅಪ್ಪನಿಗೆ ಔಷಧಿ ತಂದೆ, ಮದುವೆಯಾದೆ, ಮನೆ ಮಾಡಿದೆ. ಅಕ್ಕಾರು ತೀರಿಕೊಂಡ ದಿನ, ಮಿಯಾಪೂರಿನ ಅವರ ಬಾಡಿಗೆ ಮನೆಯಲ್ಲಿ, ತಂಗಿ ಬಂದಾಳೆಂದು ಮಧ್ಯಾಹ್ನದವರೆಗೆ ಕಾದೆವು. ಕೊನೆಗೆ ಹಿರಿಯರೊಬ್ಬರು, ಬಾಯಿಗೆ ನೀರು ಬಿಡಲು ಮನೆಯವರು ಯಾರಾದರೂ ಬನ್ನಿ ಎಂದು ಕರೆದರು. ಯಾರೂ ಏಳಲಿಲ್ಲ. ಆ ಮನೆಯವರಿಗೆ ಸಿಗಬೇಕಿದ್ದ ಕೆಲಸ ಸಿಕ್ಕಿದ್ದು ನನಗೆ. ನಾನೇ ಎದ್ದು ಹೋದೆ.