ಬೀಗ ಜಡಿದ ಕೀಲು

ಅನುಮಾನಪ್ಪನ ಅನುಮಾನ ಅವನು ಹುಟ್ಟಿದಾಗಿನಿಂದ ಒಂದು ಸಲವೂ ಸುಳ್ಳಾಗಿದ್ದಿಲ್ಲ. ಹಾಗೆಂದು ಊರೆಲ್ಲ ಸಾರಿದವನೂ ಅವನೇ. ಹಾಲು ಉಕ್ಕಿದರೆ ಅದರಲ್ಲಿ ಒಲೆಯ ಕೈವಾಡ ಹುಡುಕುವ ಆಸಾಮಿ, ಬಿಸಿಲಲ್ಲಿ ನಡೆಯುವಾಗ ತನ್ನ ನೆರಳನ್ನೇ "ಯಾಕೋ ಹಿಂದೆ ಬಿದ್ದಿದೀಯ?" ಎಂದು ತಿರುಗಿ ಗದರಿದವನು.

ಪ್ರಯಾಣಿಕರ ವಿಮಾನವೊಂದು ಸಮುದ್ರಕ್ಕೆ ಬಿದ್ದಾಗ ತನಿಖೆಯಲ್ಲಿ ಅವನಿಗೊಂದು ಕೆಲಸ ಸಿಕ್ಕಿತು. ಮುಳುಗುಗಾರರು ಎತ್ತಿ ತಂದ ಚೂರುಗಳನ್ನು ಬಂದರಿನ ಶೆಡ್ಡಿನಲ್ಲಿ ಸಿಹಿನೀರಿನಿಂದ ತೊಳೆಸಿ, ನೆಲದ ಮೇಲೆ ಬರೆದ ವಿಮಾನದ ಗೆರೆಯೊಳಗೆ ಆಯಾ ಜಾಗದಲ್ಲಿ ಜೋಡಿಸುವುದು. ಅಲ್ಲಿ ಮಾತ್ರ ಅವನು ಯಾರನ್ನೂ ಗದರುತ್ತಿರಲಿಲ್ಲ. ಹರಿದ ಸೀಟುಗಳನ್ನು ಮಲಗಿದ ಮಕ್ಕಳಂತೆ ಎತ್ತಿಡುತ್ತಿದ್ದ.

ಆ ವಿಮಾನದ ಬಾಲವನ್ನು ಕೊನೆಯ ಸಲ ರಿಪೇರಿ ಮಾಡಿದ ಮೆಕ್ಯಾನಿಕ್ ಅವನ ಹೆಂಡತಿಯ ತಮ್ಮ. ಬಾಲದ ಮುರಿದ ಕೀಲು ಸಿಕ್ಕ ದಿನವೇ ಅನುಮಾನಪ್ಪನ ಮೂಗು ಚುರುಕಾಯಿತು. ಬಾಮೈದನ ಪರವಾಗಿ ಯಾರಾದರೂ ಅದನ್ನು ಬದಲಾಯಿಸಿಬಿಟ್ಟರೆ? ತೊಳೆಯುವವರೇ ಅವನ ಕಡೆಯವರಾಗಿದ್ದರೆ? ಒದ್ದೆ ಕೀಲನ್ನು ಹಾಗೆಯೇ ಗೋಣಿಯಲ್ಲಿ ಸುತ್ತಿ, ಕಪಾಟಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಸ್ನಾನಕ್ಕೂ ಅದರ ಸಮೇತ ಹೋದ.

ಕೆಲವು ವಾರದ ಮೇಲೆ ಲ್ಯಾಬಿನ ಇಂಜಿನಿಯರಮ್ಮ ಬಂದಾಗ ಕಪಾಟು ತೆರೆದರೆ, ಕೀಲಿನ ಮೈತುಂಬ ಬಿಳಿ ಪುಡಿ, ಸಿಡುಬು ಎದ್ದ ಹಾಗೆ ಗುಂಡಿಗಳು.

"ನೋಡಿ ಮೇಡಂ! ಕೊಳೆತ ಕೀಲು ಹಾಕಿ ವಿಮಾನ ಹಾರ್ಸಿದಾನೆ. ಸ್ವಂತ ಬಾಮೈದ ಅಂತ ಬಿಡೋನಲ್ಲ ನಾನು."

ಅವರು ಕೀಲನ್ನು ಲ್ಯಾಬಿಗೆ ಒಯ್ದರು. ಸುದ್ದಿ ಮನೆ ಮುಟ್ಟಿ ಬಾಮೈದ ಊಟ ಬಿಟ್ಟೆದ್ದ.

"ಭಾವ, ನಾನು ಹಾಕಿದ್ದು ಹೊಚ್ಚ ಹೊಸದು. ಜೈಲಿಗೆ ಬೇಕಾದ್ರೂ ಹೋಗ್ತೀನಿ, ಅಷ್ಟು ಜನರನ್ನ ಕೊಂದೋನು ಅನ್ನಿಸ್ಕೊಂಡು ಹೇಗೆ ಬದುಕಲಿ?"

"ತಪ್ಪು ಮಾಡಿದೋರೂ ಹೀಗೇ ಅಳೋದು."

ಹೆಂಡತಿ ತಟ್ಟೆ ಕುಕ್ಕಿದ ರಭಸಕ್ಕೆ ಆಚೆ ಬೀದಿಯವರು ಭೂಕಂಪವೆಂದು ಹೊರಗೋಡಿ ಬಂದರಂತೆ.

ಇಂಜಿನಿಯರಮ್ಮ ಮತ್ತೆ ಶೆಡ್ಡಿಗೆ ಬಂದರು. "ಇದು ವಿಮಾನ ನೀರಿಗೆ ಬಡಿದಾಗ ಮುರಿದದ್ದು. ದೋಣಿಗೆ ಎತ್ತಿದಾಗ ತೆಗೆದ ಫೋಟೋದಲ್ಲಿ ಫಳಫಳ ಅಂತಿದೆ. ಉಪ್ಪುನೀರು ತಿಂದಿದ್ದು ಆಮೇಲೆ, ಇಲ್ಲೇ. ತೊಳೀದೆ ಇಟ್ಟೋರು ಯಾರು?"

ಅನುಮಾನಪ್ಪ ರೂಢಿಯಂತೆ ಸುತ್ತಲಿನ ಮುಖಗಳನ್ನೆಲ್ಲ ಒಂದೊಂದಾಗಿ ತೂಗಿದ. ಮುಖಗಳು ಮುಗಿದವು.

"ನಾನೇ ಮೇಡಂ," ಎಂದ.

ತನಿಖೆ ಎಂಜಿನ್ನಿನ ಕಡೆ ತಿರುಗಿತು. ಮನೆಯಲ್ಲಿ ಅವನು ಬಾಮೈದನ ಕೈ ಹಿಡಿದು "ತಪ್ಪಾಯ್ತು ಕಣೋ," ಎಂದ. ಹುಡುಗನ ಕಣ್ಣು ಒದ್ದೆಯಾಯಿತು. ಅಕ್ಕ ಬಿಡಬೇಕಲ್ಲ!

"ಇನ್ನಾದ್ರೂ ಈ ಹಾಳು ಅನುಮಾನ ಬಿಡ್ತೀರೇನ್ರಿ?"

"ಬಿಡೋದಾ? ಕಮ್ಮಿ ಬಿದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಕಣೇ. ಎಲ್ಲರ ಮೇಲೂ ಅನುಮಾನ ಪಟ್ಟೆ, ನನ್ನೊಬ್ಬನನ್ನ ಬಿಟ್ಬಿಟ್ಟೆ!"