ಸಿಂಬಲ್ ಇನ್ನೂ ಸ್ವಲ್ಪ ಮೇಲೆ

ನಮ್ಮ ಬ್ಯಾಂಡಿನ ಮೊದಲ ಬಿಡುಗಡೆಯನ್ನು ಹಾಳು ಮಾಡಿದವನು ನಾನು. ಬೇರೆ ಯಾರ ಮೇಲೂ ಗೂಬೆ ಕೂರಿಸಲಾರೆ.

ಮೂರು ಜನ ನಾವು. ನನ್ನದು ಡ್ರಮ್ಸ್. ಹುಬ್ಬಳ್ಳಿಯಿಂದ ಬಂದು ಬೆಂಗಳೂರಿನ ಬಿಟಿಎಂನಲ್ಲಿ ಬಾಡಿಗೆಗಿದ್ದ ಗೆಳೆಯನದು ಗಿಟಾರ್. ಅವನ ರೂಮ್‌ಮೇಟ್ ಬೇಸ್ ನುಡಿಸುತ್ತ ಕನ್ನಡದಲ್ಲಿ ಗುಡುಗುತ್ತಿದ್ದ. ಅರೆಕೆರೆಯ ಒಂದು ಬೇಸ್‌ಮೆಂಟಿನಲ್ಲಿ ಆರು ವರ್ಷ, ಪ್ರತಿ ಭಾನುವಾರ ಬೆಳಗ್ಗೆ ಅಭ್ಯಾಸ. ನಮ್ಮದು ಹೆವಿ ಮೆಟಲ್ ಸಂಗೀತ, ಆದರೆ ಬರೀ ವೇಗದ ಓಟವಲ್ಲ. ಮೇಲೆ ತಲೆ ತೂಗಿಸುವ ಗ್ರೂವ್, ಒಳಗೆ ಏಳರ, ಹನ್ನೊಂದರ ತಾಳದ ಎಣಿಕೆ. ತಪ್ಪಿದರೆ ಮೂವರೂ ಮೂರು ದಿಕ್ಕು. ಎಣಿಕೆ ಹಿಡಿಯುವವನು ನಾನು, ಆ ಕೊಬ್ಬೂ ನನಗಿತ್ತು. ಕಿವಿಗೆ ಇಯರ್ ಪ್ಲಗ್ ಹಾಕಿಕೋ ಎಂದರೆ ಅದೆಲ್ಲ ಮಕ್ಕಳಿಗೆ ಎಂದು ನಗುತ್ತಿದ್ದೆ.

ನಾಲ್ಕು ಹಾಡು ರೆಕಾರ್ಡ್ ಆದವು. ಯಾವ ವಾದ್ಯ ಎಷ್ಟು ಜೋರಾಗಿ ಕೇಳಬೇಕೆಂದು ಕೂರಿಸುವ ಮಿಕ್ಸಿಂಗ್ ಕೆಲಸ ನಾನೇ ಮಾಡುತ್ತೇನೆಂದು ಹಠ ಹಿಡಿದೆ. ಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತಾಗಲೆಲ್ಲ ಡ್ರಮ್ಸಿನ ಹಿತ್ತಾಳೆ ತಟ್ಟೆ, ಅಂದರೆ ಬಡಿದ ಮೇಲೂ ಸಣ್ಣ ದನಿಯಲ್ಲಿ ಝೇಂಕರಿಸುವ ಸಿಂಬಲ್, ಮಂಕಾಗಿ ಕೇಳುತ್ತಿತ್ತು. ಏರಿಸಿದೆ. ಮರುವಾರ ಮತ್ತೂ ಏರಿಸಿದೆ.

"ಲೇ ದೋಸ್ತ, ಸಿಂಬಲ್ ಭಾಳ ಚುಚ್ಚಾಕತ್ತೈತಿ. ಸ್ವಲ್ಪ ಇಳಸು," ಅಂದ ಗಿಟಾರಿನವನು.

"ನಿನ್ ಗಿಟಾರ್ ಮುಂದೆ ಬರ್ತಿಲ್ಲ ಅಂತ ಹೊಟ್ಟೆ ಉರಿ ನಿಂಗೆ. ಡ್ರಮ್ಸ್ ವಿಷಯ ನಂಗೆ ಹೇಳ್ಕೊಡ್ಬೇಡ ಮಗಾ," ಅಂದೆ.

ಅವನು ಮುಖ ಸಣ್ಣದು ಮಾಡಿಕೊಂಡು ಗಿಟಾರನ್ನು ಚೀಲಕ್ಕೆ ಹಾಕಿದ. ನಾನು ಗೆದ್ದೆ ಎಂದುಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಹಾಡುಗಳು ಆನ್‌ಲೈನ್‌ಗೆ ಬಂದ ದಿನವೇ ಕಾಮೆಂಟುಗಳು ಶುರುವಾದವು. "ಗುರು, ಗಿಟಾರ್ ಸಖತ್, ಆದ್ರೆ ಎರಡೇ ನಿಮಿಷಕ್ಕೆ ತಲೆನೋವು." "ತಗಡು ಬಡಿದಂಗಿದೆ." ಎಲ್ಲರೂ ಅದೇ ಮಾತು ಹೇಳಿದರೂ ನಾನು ಅವರ ಇಯರ್‌ಫೋನುಗಳನ್ನು ಬೈದುಕೊಂಡೆ. ಅದೇ ವಾರ ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದ ನನ್ನ ಹಿಂದಿನ ಕೋಣೆಗೆ ಓಡಿಬಂದರು.

"ವಾಷಿಂಗ್ ಮೆಷಿನ್ ಆಗ್ಲಿಂದ ಬೀಪ್ ಬೀಪ್ ಅಂತ ಬಡ್ಕೋತಿದೆ. ಪಕ್ಕದಲ್ಲೇ ಕೂತಿದೀಯ, ಕೇಳ್ಸಲ್ವೇನೋ?"

ಮೆಷಿನ್ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ನನಗೆ ಏನೂ ಕೇಳಿಸಿರಲಿಲ್ಲ.

ಬನಶಂಕರಿಯ ಒಂದು ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವ ಹೆಂಗಸು ನನ್ನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಬೀಪ್ ಕೇಳಿಸಿದಾಗಲೆಲ್ಲ ಒತ್ತಬೇಕು. ಮೊದಮೊದಲು ಸಲೀಸಾಗಿ ಒತ್ತಿದೆ. ಬೀಪ್‌ಗಳ ನಡುವಿನ ಅಂತರ ಅಷ್ಟರಲ್ಲೇ ನನ್ನ ಕೈಗೆ ಸಿಕ್ಕಿಬಿಟ್ಟಿತ್ತು. ಏಳು ಎಣಿಸು, ಒತ್ತು. ಏಳು ಎಣಿಸು, ಒತ್ತು. ಬೇಕೆಂದೇ ಮೋಸ ಮಾಡಿದ್ದಲ್ಲ, ಕೈ ತಾನಾಗಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ಬಾಗಿಲು ತೆರೆದರು.

"ಸಾರ್, ನಾನು ಸೌಂಡ್ ನಿಲ್ಸಿ ಆಗ್ಲೇ ತುಂಬ ಹೊತ್ತಾಯ್ತು. ನೀವು ಒತ್ತಾನೇ ಇದೀರಲ್ಲ?"

"ಅಲ್ಲಿ ಬರಬೇಕಿತ್ತು ಮೇಡಂ," ಅಂದೆ.

ಅವರು ನಗಲಿಲ್ಲ. ಅಂತರ ಬದಲಿಸಿ ಬದಲಿಸಿ ಮತ್ತೆ ಮೊದಲಿನಿಂದ ಮಾಡಿದರು. ಪರೀಕ್ಷೆಯ ಫಲಿತಾಂಶದ ಕಾಗದದ ಮೇಲೆ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಕುಸಿದಿತ್ತು.

"ಹೈ ಪಿಚ್ ಸೌಂಡ್ ಹೋಗ್ಬಿಟ್ಟಿದೆ ಸಾರ್. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ."

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಗಿಟಾರಿನ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿ, ನೀನೇ ಮಿಕ್ಸ್ ಮಾಡು ಎಂದೆ. ಆವತ್ತೇ ಹೇಳಿದ್ದೆನಲ್ಲ ಎಂದು ಅವನು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ವಾರದ ನಂತರ ಅವನ ರೂಮಿನಲ್ಲಿ ಮೂವರೂ ಕೂತು ಹೊಸ ಮಿಕ್ಸ್ ಕೇಳಿದೆವು. ನಾಲ್ಕನೆಯ ಹಾಡಿನ ತುದಿಯಲ್ಲಿ ಗಿಟಾರ್ ನಿಂತಿತು, ಬೇಸ್ ನಿಂತಿತು. ನಾನು ಸ್ವಲ್ಪ ಕಾದು, "ಚೆನ್ನಾಗ್ ಬಂದಿದೆ ಮಗಾ," ಎನ್ನುತ್ತ ಎದ್ದೆ.

ಇಬ್ಬರೂ ಅಲುಗಾಡಲಿಲ್ಲ. ಗೆಳೆಯ ಸ್ಪೀಕರಿನಿಂದ ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದು ಕೆಳಗೆಳೆದ.

"ಕುಂದರಲೇ," ಅಂದ ಮೆಲ್ಲಗೆ. "ನಿನ್ ಸಿಂಬಲ್ ಇನ್ನಾ ಮುಗದಿಲ್ಲ."